ರೈಲು ಬಾರದೆ ಉಳಿದ ಊರು

ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ ಇದ್ದೇವೆ ಅಂದ್ರೆ ಐಟಿ ಮಂದಿಗೆ ಮೊದಲು ನೆನಪಾಗುವುದು ಆಶ್‌ಬರ್ನ್. ಸಾಲು ಸಾಲು ಡೇಟಾ ಸೆಂಟರ್, ಒಂದೇ ಅಚ್ಚಿನ ಟೌನ್‌ಹೌಸ್. ಅಲ್ಲಿಂದ ಸುಮಾರು ಅರ್ಧ ಗಂಟೆ ಕಾರಿನಲ್ಲಿ ಹೋದರೆ ಹಳೆಯ ಹಳ್ಳಿ ವಾಟರ್‌ಫೋರ್ಡ್. ಊರಿಂದ ಯಾರೇ ಬಂದರೂ ವೈಟ್ ಹೌಸ್ ತೋರಿಸಿದ ಮೇಲೆ ನಾನು ಕರೆದುಕೊಂಡು ಹೋಗುವುದು ಇಲ್ಲಿಗೇ.

ಪೆನ್ಸಿಲ್ವೇನಿಯಾ ಕಡೆಯಿಂದ ಬಂದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು 1733ರ ಸುಮಾರಿಗೆ ಹಳ್ಳದ ಬದಿಯಲ್ಲಿ ನೆಲೆಯೂರಿದರು. ಹಿಟ್ಟಿನ ಗಿರಣಿ ಬಂತು, ಅದರ ಸುತ್ತ ಊರು ಬೆಳೆಯಿತು. ಎಷ್ಟೋ ಮನೆಗಳು ರಸ್ತೆಗೆ ಅಂಟಿಕೊಂಡೇ ನಿಂತಿವೆ. ಮುಂದೆ ಲಾನ್ ಇಲ್ಲ, ಗ್ಯಾರೇಜ್ ಇಲ್ಲ. ಅಮೆರಿಕದಲ್ಲಿ ಇದೇ ಅಪರೂಪ ಅಲ್ವಾ?

ಇಟ್ಟಿಗೆ ಗೋಡೆಗಳನ್ನು ಹತ್ತಿರದಿಂದ ನೋಡಬೇಕು. ಒಂದು ಇಟ್ಟಿಗೆ ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಇದನ್ನು ಫ್ಲೆಮಿಶ್ ಬಾಂಡ್ ಅಂತಾರೆ. ನೋಡಲು ಚೆಂದ, ಖರ್ಚು ಜಾಸ್ತಿ. ಹಾಗಾಗಿ ಆ ಕಾಲದಲ್ಲಿ ಎಷ್ಟೋ ಜನ ಮುಂಗೋಡೆಗೆ ಮಾತ್ರ ಹೀಗೆ ಕಟ್ಟಿಸಿ, ಉಳಿದ ಕಡೆ ಸಾದಾ ಕೆಲಸದಲ್ಲಿ ಮುಗಿಸುತ್ತಿದ್ದರು. ಜಂಬವೆಲ್ಲ ಬೀದಿ ಕಡೆಗೇ! ಮರದ ದಿಮ್ಮಿ ಪೇರಿಸಿ, ಸಂದಿಗೆ ಕಲ್ಲುಚೂರು ತುಂಬಿ ಗಾರೆ ಮೆತ್ತಿದ ಮನೆಗಳೂ ಇವೆ.

ಮೊದಮೊದಲು ಊರು ಉಳಿದದ್ದು ಯಾರ ಮುಂದಾಲೋಚನೆಯಿಂದಲೂ ಅಲ್ಲ. ರೈಲು ಈ ಕಡೆ ಬರಲಿಲ್ಲ. ವ್ಯಾಪಾರ ಬೇರೆ ಊರಿನ ಪಾಲಾಯಿತು, ಹಳೆಯದನ್ನು ಕೆಡವಿ ಹೊಸದು ಕಟ್ಟುವ ಗೋಜಿಗೆ ಜನ ಹೋಗಲಿಲ್ಲ. ಆಮೇಲೆ 1943ರಲ್ಲಿ ಊರನ್ನು ಕಾಪಾಡಲೆಂದೇ ವಾಟರ್‌ಫೋರ್ಡ್ ಫೌಂಡೇಶನ್ ಹುಟ್ಟಿತು. 1970ರಲ್ಲಿ ಸುತ್ತಲಿನ ಹೊಲಗಳ ಸಮೇತ ಇಡೀ ಊರು ನ್ಯಾಷನಲ್ ಹಿಸ್ಟಾರಿಕ್ ಲ್ಯಾಂಡ್‌ಮಾರ್ಕ್, ಅಂದರೆ ದೇಶವೇ ಮಾನ್ಯ ಮಾಡಿದ ಐತಿಹಾಸಿಕ ತಾಣ ಆಯಿತು.

ಆದರೆ ಬರೀ ಆ ಬಿರುದಿನಿಂದ ಖಾಸಗಿ ಜಮೀನಿನಲ್ಲಿ ಕಟ್ಟಡ ಏಳುವುದನ್ನು ತಡೆಯೋಕಾಗಲ್ಲ. ಅದಕ್ಕೇ ಈಸ್‌ಮೆಂಟ್ ಅನ್ನುವ ಕರಾರು. ಜಮೀನು ನಿಮ್ಮದೇ, ಉಳಬಹುದು, ಮಾರಬಹುದು; ಲೇಔಟ್ ಮಾತ್ರ ಮಾಡುವಂತಿಲ್ಲ. ಮುಂದೆ ಕೊಂಡವರಿಗೂ ಇದೇ ಕಟ್ಟು. ಈ ಕೌಂಟಿಯ ಜಮೀನಿನ ರೇಟು ಗೊತ್ತಿದ್ದವರಿಗೆ ಇದು ಎಂಥ ತ್ಯಾಗ ಅಂತ ಅರ್ಥವಾಗುತ್ತದೆ.

ಹಳ್ಳಿ ಸಣ್ಣದಾದರೂ ಧೈರ್ಯ ಸಣ್ಣದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ವರ್ಜೀನಿಯಾ ದಕ್ಷಿಣದ ಪಾಳಯ ಸೇರಿದ್ದಾಗ, ಇಲ್ಲಿನ ಮೂವರು ಕ್ವೇಕರ್ ಯುವತಿಯರು 1864ರಲ್ಲಿ ಎದುರು ಪಾಳಯದ, ಅಂದರೆ ಉತ್ತರದ ಯೂನಿಯನ್ ಪರ ಪತ್ರಿಕೆಯನ್ನೇ ಹೊರಡಿಸಿದರು. ಯುದ್ಧ ಮುಗಿದ ಮೇಲೆ, 1867ರಲ್ಲಿ, ಕಪ್ಪು ಜನರ ಮಕ್ಕಳಿಗಾಗಿ ಕಟ್ಟಿದ ಒಂದೇ ಕೋಣೆಯ ಮರದ ಶಾಲೆ ಸೆಕೆಂಡ್ ಸ್ಟ್ರೀಟ್‌ನಲ್ಲಿ ಈಗಲೂ ಇದೆ.

ಮನೆಗಳಲ್ಲಿ ಜನ ವಾಸವಿದ್ದಾರೆ, ಸುಮ್ನೆ ಕಿಟಕಿಯಲ್ಲಿ ಇಣುಕಬೇಡಿ. ಒಳಗೆ ನೋಡುವ ಆಸೆಯಿದ್ದರೆ ಅಕ್ಟೋಬರ್ ಜಾತ್ರೆಗೆ ಬನ್ನಿ, ಆಗ ಕೆಲವು ಮನೆಗಳನ್ನು ತೆರೆದಿಡುವ ವಾಡಿಕೆಯಿದೆ.