ರಿಚ್ಮಂಡ್‌ಗೆ ಹೊರಟಿದ್ದೀರಾ? ಯಾವ ರಿಚ್ಮಂಡ್ ಅಂತ ಮೊದಲು ನೋಡಿಕೊಳ್ಳಿ

ಹೋದ ಜೂನ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಲಂಡನ್ನಿನ ಹೌನ್ಸ್ಲೋನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಮ್ಮ ಕೆಲಸದಲ್ಲಿದ್ದಾಗ ಇಪ್ಪತ್ತೆಂಟು ವರ್ಷ ದಿನಾ ರಿಚ್ಮಂಡ್ ಸರ್ಕಲ್‌ನಲ್ಲಿ ಬಸ್ ಇಳಿದು ಆಫೀಸಿಗೆ ನಡೆದವರು. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರಿಟ್ಟು ಎಷ್ಟೋ ಕಾಲವಾಯಿತು. ಆದರೂ ಜನರ ಬಾಯಲ್ಲಿ ಇವತ್ತಿಗೂ ಅದು ರಿಚ್ಮಂಡೇ. ಹಾಗಾಗಿ ಇಂಗ್ಲೆಂಡಿನಲ್ಲಿ ಅಮ್ಮ ನೋಡಬೇಕು ಅಂದದ್ದು ಒಂದೇ ಊರು. "ಈ ಹೆಸರಿನ ತವರು ಎಲ್ಲಿದೆ ನೋಡಿಕೊಂಡು ಬರೋಣ ಕಣೇ" ಅಂದರು.

ತವರು ಇರುವುದು ಉತ್ತರದ ಯಾರ್ಕ್‌ಶೈರ್‌ನಲ್ಲಿ ಅಂತ ನನಗೆ ಗೊತ್ತಿತ್ತು. ರೈಲು ಟಿಕೆಟ್ ತಗೊಂಡೆ. ಆಮೇಲೆ ಒಂದು ಬುಕಿಂಗ್ ಸೈಟಿನಲ್ಲಿ 'ರಿಚ್ಮಂಡ್, ಇಂಗ್ಲೆಂಡ್' ಅಂತ ಟೈಪ್ ಮಾಡಿದೆ. ರೂಮು ಚೆನ್ನಾಗಿತ್ತು, ಬಾಡಿಗೆಯೂ ಪರವಾಗಿಲ್ಲ. ಎರಡು ರಾತ್ರಿಗೆ ದುಡ್ಡು ಕಟ್ಟಿಬಿಟ್ಟೆ. ಹೊರಡುವ ಹಿಂದಿನ ರಾತ್ರಿ ಭಾವ ಆ ಚೀಟಿ ನೋಡಿ, "ಇದು ನಮ್ಮನೆ ಹತ್ರ ಬಸ್ಸಲ್ಲಿ ಹೋಗೋ ರಿಚ್ಮಂಡ್ ಅಲ್ವಾ?" ಅಂದರು. ಹೌದು, ಅದು ಲಂಡನ್ನಿನ ರಿಚ್ಮಂಡ್. ನಾವು ಹೊರಟಿದ್ದ ಊರಿಗೂ ಅದಕ್ಕೂ ಸುಮಾರು 400 ಕಿಲೋಮೀಟರ್. ಬೆಂಗಳೂರಿಗೂ ಹುಬ್ಬಳ್ಳಿಗೂ ಇರುವಷ್ಟು ದೂರ! ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಅಮ್ಮನ ಮುಖ ಸಪ್ಪಗಾದದ್ದು ಅದಕ್ಕಿಂತ ಜಾಸ್ತಿ ನೋವಾಯಿತು. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಊರಿನ ಹೆಸರು ನೋಡಬೇಡಿ, ಪೋಸ್ಟ್‌ಕೋಡ್ ನೋಡಿ. ಲಂಡನ್ನಿನ ರಿಚ್ಮಂಡ್‌ದು 'ಟಿಡಬ್ಲ್ಯೂ' ಅಂತ ಶುರುವಾಗುತ್ತದೆ, ಯಾರ್ಕ್‌ಶೈರ್‌ದು 'ಡಿಎಲ್' ಅಂತ. ಡಿಎಲ್ ಅಂದರೆ ಡಾರ್ಲಿಂಗ್ಟನ್. ಇನ್ನೊಂದು ವಿಷಯ, ರೈಲ್ವೆ ಆ್ಯಪ್‌ನಲ್ಲಿ ಸುಮ್ನೆ ರಿಚ್ಮಂಡ್ ಅಂತ ಹುಡುಕಿದರೆ ಲಂಡನ್ನಿನದೇ ಬರುತ್ತದೆ. ಯಾರ್ಕ್‌ಶೈರ್‌ನ ರಿಚ್ಮಂಡ್‌ಗೆ ರೈಲೇ ಇಲ್ಲ, 1969ರಲ್ಲಿ ನಿಂತುಹೋಯಿತು. ನೀವು ಟಿಕೆಟ್ ತಗೊಳ್ಳಬೇಕಾದದ್ದು ಕಿಂಗ್ಸ್ ಕ್ರಾಸ್‌ನಿಂದ ಡಾರ್ಲಿಂಗ್ಟನ್‌ಗೆ. ಸುಮಾರು ಎರಡೂವರೆ ಗಂಟೆ ಪ್ರಯಾಣ. ಮುಂಚೆಯೇ ತಗೊಂಡರೆ ತುಂಬಾ ಉಳಿತಾಯ.

ಡಾರ್ಲಿಂಗ್ಟನ್ ಸ್ಟೇಷನ್ನಿಂದ ಹತ್ತು ಹದಿನೈದು ನಿಮಿಷ ನಡೆದರೆ ಪೇಟೆ. ಅಲ್ಲಿಂದ ಎಕ್ಸ್ 26 ಅಥವಾ ಎಕ್ಸ್ 27 ಬಸ್ ಹಿಡಿಯಿರಿ. ಮುಂದಿನ ಸೀಟಲ್ಲಿ ಕೂತಿದ್ದ ಅಜ್ಜಿಯೊಬ್ಬರು ಅಮ್ಮನ ಸೀರೆ ನೋಡಿ ಮಾತಾಡಿಸಿದರು. ಅವರಿಗೆ ನಮ್ಮ ಕಡೆಯವರು ಹೊಸಬರೇನಲ್ಲ. 2015ರಿಂದ ಸುಧಾ ಮೂರ್ತಿಯವರ ಅಳಿಯ ರಿಷಿ ಸುನಕ್ ಗೆದ್ದು ಬರುತ್ತಿರುವುದು ಈ ಕಡೆಯಿಂದಲೇ. 2024ರವರೆಗೆ ಆ ಕ್ಷೇತ್ರದ ಹೆಸರಿನ ಜೊತೆಗೇ 'ಯಾರ್ಕ್ಸ್' ಅಂತ ಸೇರಿಸಿ ಬರೆಯುತ್ತಿದ್ದರು. ಗೊಂದಲ ನಮಗೊಬ್ಬರಿಗೇ ಅಲ್ಲ.

ಊರು ಚಿಕ್ಕದು, ಆದರೆ ಕೋಟೆ ದೊಡ್ಡದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಜೊತೆ ಬಂದಿದ್ದ ಬ್ರಿಟನಿಯ (ಈಗಿನ ಫ್ರಾನ್ಸಿನ ಒಂದು ಭಾಗ) ಅಲನ್ ರೂಫಸ್ 1070ರ ದಶಕದಲ್ಲಿ ಇದನ್ನು ಕಟ್ಟಿಸಲು ಶುರುಮಾಡಿದ. ರಿಚ್ಮಂಡ್ ಅನ್ನುವುದು ಹಳೆಯ ಫ್ರೆಂಚ್ ಮಾತು, ಬಲವಾದ ಗುಡ್ಡ ಅಂತ ಅರ್ಥ. ಆಮೇಲೆ ಕಟ್ಟಿದ ನಡುಗೋಪುರ ಸುಮಾರು 30 ಮೀಟರ್ ಎತ್ತರವಿದೆ. ಮೆಟ್ಟಿಲು ಇಕ್ಕಟ್ಟು, ಕತ್ತಲು. ಮಂಡಿನೋವು ಇದ್ದವರು ಹತ್ತಬೇಡಿ. ಅಮ್ಮ ಕೆಳಗೆ ಹುಲ್ಲಿನ ಮೇಲೆ ಕೂತರು, ನಾನು ಹತ್ತಿದೆ. ಒಂದು ಕಡೆ ಕಲ್ಲು ಹಾಸಿದ ದೊಡ್ಡ ಸಂತೆಬೀದಿ, ಇನ್ನೊಂದು ಕಡೆ ಕೆಳಗೆ ಸ್ವೇಲ್ ನದಿ, ಅದರಾಚೆ ಬರೀ ಹಸಿರು. ನಾವು ಹೋದದ್ದು ಶನಿವಾರ, ಸಂತೆಯ ದಿನ. ಆಗಲೇ ಹೋಗಿ, ಊರಿಗೆ ಜೀವ ಬಂದಿರುತ್ತದೆ. ಚಳಿಗಾಲದಲ್ಲಿ ಕೋಟೆ ದಿನಾ ತೆರೆದಿರುವುದಿಲ್ಲ, ನೋಡಿಕೊಂಡು ಹೊರಡಿ.

ಕೋಟೆ ನೋಡಿ ಅಲ್ಲಿಂದಲೇ ವಾಪಸ್ ಬರುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ನದಿ ಪಕ್ಕದ ಕಾಲುದಾರಿಯಲ್ಲಿ ಒಂದೂವರೆ ಕಿಲೋಮೀಟರ್‌ನಷ್ಟು ನಡೆದರೆ ಈಸ್ಬಿ ಮಠ ಸಿಗುತ್ತದೆ. 1152ರಲ್ಲಿ ಶುರುವಾದ ಮಠ, ಈಗ ಪಾಳುಗೋಡೆಗಳು ಮಾತ್ರ. ಒಳಗೆ ಹೋಗಲು ಟಿಕೆಟ್ ಇಲ್ಲ. ಪಕ್ಕದ ಸೇಂಟ್ ಅಗಾಥಾ ಚರ್ಚಿನ ಗೋಡೆಗಳ ಮೇಲೆ 13ನೇ ಶತಮಾನದ ಚಿತ್ರಗಳಿವೆ, ಅವನ್ನು ಬಿಡಬೇಡಿ.

ಈ ದಾರಿಯಲ್ಲೇ ಒಂದು ಕಲ್ಲಿದೆ. ಕೋಟೆಯಿಂದ ಮಠಕ್ಕೆ ಸುರಂಗ ಇತ್ತು ಅನ್ನುವುದು ಊರಿನವರ ಮಾತು. ಸೈನಿಕರು ಅದರೊಳಗೆ ಒಬ್ಬ ಪುಟ್ಟ ಹುಡುಗನನ್ನು ಡೋಲು ಬಾರಿಸುತ್ತಾ ಹೋಗು ಅಂತ ಕಳಿಸಿದರಂತೆ. ಮೇಲೆ ನೆಲದ ಮೇಲೆ ಆ ಸದ್ದನ್ನೇ ಹಿಂಬಾಲಿಸಿ ನಡೆದರಂತೆ. ಒಂದು ಕಡೆ ಸದ್ದು ನಿಂತುಹೋಯಿತು. ಹುಡುಗ ವಾಪಸ್ ಬರಲೇ ಇಲ್ಲ. ಸದ್ದು ನಿಂತ ಜಾಗದಲ್ಲಿ ಆ ಕಲ್ಲು. ಬರೀ ಕಥೆಯೇ ಇರಬಹುದು. ಆದರೆ ಅಮ್ಮ ಚಪ್ಪಲಿ ಬಿಟ್ಟು ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತರು. "ಯಾರ ಮಗುವೋ ಏನೋ" ಅಂದರು. ಆಮೇಲೆ ಮಠದವರೆಗೂ ಇಬ್ಬರೂ ಮಾತಾಡಲಿಲ್ಲ.

ಊಟಕ್ಕೆ ಕಷ್ಟವೇನಿಲ್ಲ. ಹಳೆಯ ರೈಲ್ವೆ ಸ್ಟೇಷನ್ ಕಟ್ಟಡದಲ್ಲಿ ಈಗ ಕೆಫೆ, ಸಿನಿಮಾ, ಅಂಗಡಿಗಳಿವೆ. ಬೇಯಿಸಿದ ದೊಡ್ಡ ಆಲೂಗಡ್ಡೆಯ ಮೇಲೆ ಬೀನ್ಸ್, ಚೀಸ್ ಹಾಕಿ ಕೊಡುತ್ತಾರೆ, ಹೊಟ್ಟೆ ತುಂಬುತ್ತದೆ. ಅಮ್ಮನ ಚೀಲದಲ್ಲಿ ಚಟ್ನಿಪುಡಿ ಇದ್ದೇ ಇತ್ತು.

ಲಂಡನ್ನಿಗೆ ಬಂದ ಮೇಲೆ ಇನ್ನೊಂದು ರಿಚ್ಮಂಡನ್ನೂ ನೋಡಿದೆವು. ಹೌನ್ಸ್ಲೋನಿಂದ ಎಚ್ 37 ಬಸ್. ಲಂಡನ್ನಿನ ನಡುವಿನಿಂದ ಬರುವವರಿಗೆ ಡಿಸ್ಟ್ರಿಕ್ಟ್ ಲೈನಿನ ಕೊನೆಯ ಸ್ಟೇಷನ್. ಈ ಜಾಗದ ಹಳೆಯ ಹೆಸರು ಶೀನ್. 1497ರಲ್ಲಿ ಇಲ್ಲಿನ ಅರಮನೆ ಸುಟ್ಟುಹೋದಾಗ ಏಳನೇ ಹೆನ್ರಿ ಹೊಸದು ಕಟ್ಟಿಸಿದ. ರಾಜನಾಗುವ ಮೊದಲು ಅವನಿಗೆ ಯಾರ್ಕ್‌ಶೈರ್‌ನ ರಿಚ್ಮಂಡಿನ ಅರ್ಲ್ ಅನ್ನುವ ಬಿರುದಿತ್ತು, ಆ ಹೆಸರನ್ನೇ ಇಲ್ಲಿಗೂ ತಂದ. ಮೊದಲನೇ ಎಲಿಜಬೆತ್ 1603ರಲ್ಲಿ ತೀರಿಕೊಂಡದ್ದು ಈ ಅರಮನೆಯಲ್ಲೇ. ಈಗ ಹೆಬ್ಬಾಗಿಲು ಮತ್ತು ಅಲ್ಪಸ್ವಲ್ಪ ಉಳಿದಿದೆ. ಅದಕ್ಕೇ ನನ್ನ ಸಲಹೆ, ಮೊದಲು ಯಾರ್ಕ್‌ಶೈರ್ ನೋಡಿ, ಆಮೇಲೆ ಇದನ್ನು ನೋಡಿ. ತಾಯಿಯನ್ನು ನೋಡಿ ಬಂದರೆ ಮಗಳ ಗುರುತು ಸಿಗುತ್ತದೆ.

ರಿಚ್ಮಂಡ್ ಪಾರ್ಕಿನಲ್ಲಿ ಆರುನೂರಕ್ಕೂ ಹೆಚ್ಚು ಜಿಂಕೆಗಳಿವೆ. ಫೋಟೊಗೋಸ್ಕರ ಹತ್ತಿರ ಹೋಗಬೇಡಿ, 50 ಮೀಟರ್ ದೂರ ಇರಿ. ಬೇಸಿಗೆಯಲ್ಲಿ ಮರಿ ಇರುತ್ತವೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಗಂಡುಗಳು ಮದದಲ್ಲಿರುತ್ತವೆ. ಮಕ್ಕಳಿದ್ದರೆ ಕೈ ಹಿಡಿದುಕೊಂಡೇ ನಡೆಯಿರಿ.

ಸಂಜೆ ರಿಚ್ಮಂಡ್ ಹಿಲ್ ಮೇಲೆ ಕೂತೆವು. ಕೆಳಗೆ ಥೇಮ್ಸ್ ನಿಧಾನಕ್ಕೆ ಬಳುಕಿ ಹೋಗುತ್ತದೆ, ದಡದ ಹುಲ್ಲುಗಾವಲಲ್ಲಿ ಹಸುಗಳು. ಅಮೆರಿಕದ ವರ್ಜೀನಿಯಾದಲ್ಲಿ ವಿಲಿಯಂ ಬಿರ್ಡ್ ಅನ್ನುವವನು 1737ರಲ್ಲಿ ಊರು ಕಟ್ಟುವಾಗ, ಅಲ್ಲಿನ ಜೇಮ್ಸ್ ನದಿಯ ತಿರುವು ಇದೇ ನೋಟದ ಹಾಗಿದೆ ಅಂತ ರಿಚ್ಮಂಡ್ ಅಂತ ಹೆಸರಿಟ್ಟ. ಕೆನಡಾದಲ್ಲೊಂದು ರಿಚ್ಮಂಡ್ ಇದೆ, ವ್ಯಾಂಕೂವರ್ ವಿಮಾನ ನಿಲ್ದಾಣ ಇರುವುದು ಅದರಲ್ಲೇ. ಕ್ಯಾಲಿಫೋರ್ನಿಯಾದಲ್ಲೊಂದು, ಮೆಲ್ಬರ್ನ್‌ನಲ್ಲೊಂದು, ಟಾಸ್ಮೇನಿಯಾದಲ್ಲೊಂದು. ಅಲ್ಲಿಗೆ ಹೋಗುವವರೂ ರೂಮು ಹಿಡಿಯುವ ಮುಂಚೆ ರಾಜ್ಯದ ಹೆಸರು, ಪೋಸ್ಟ್‌ಕೋಡ್ ಎರಡನ್ನೂ ನೋಡಿ.

ಚಿಕ್ಕಮ್ಮನ ಮಗ ಇರುವುದು ವರ್ಜೀನಿಯಾದ ರಿಚ್ಮಂಡ್‌ನಲ್ಲೇ. ರಿಚ್ಮಂಡ್ ಹಿಲ್ ಮೇಲಿಂದಲೇ ಅವನಿಗೆ ಫೋಟೊ ಕಳಿಸಿದೆವು. ಭಾನುವಾರ ಅವನು ತನ್ನೂರಿನ ಲಿಬ್ಬಿ ಹಿಲ್ ಹತ್ತಿ ಒಂದು ಫೋಟೊ ತೆಗೆದು ಕಳಿಸಿದ. ಅಮ್ಮ ಕನ್ನಡಕ ಹಾಕಿಕೊಂಡು ಎರಡು ಮೊಬೈಲನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ಹೌದು ಕಣೇ, ಅದೇ ಬಳುಕು" ಅಂದರು.