ಗಲಾಟೆ ಮಾಡುವವನಿಗೆ ಓದಲು ಬರುತ್ತದೆಯೇ, ಮೊದಲು ಅದನ್ನು ನೋಡಿ

"ಅಕ್ಕೋರ, ಕಣ್ಣೊಂದು ಬಿಟ್ಟು ಎಲ್ಲಾ ಕಡೆ ಬಡೀರಿ. ನಾವೇನೂ ಅನ್ನಂಗಿಲ್ಲ."

ಪಾಲಕರ ಸಭೆಯಲ್ಲಿ ಈ ಮಾತು ಕೇಳದ ಶಿಕ್ಷಕರು ನಮ್ಮ ಹಾವೇರಿ ಕಡೆ ಯಾರೂ ಇರಲಿಕ್ಕಿಲ್ಲ. ಹೇಳುವವರು ಕೆಟ್ಟವರಲ್ಲ. ಮಗ ಮನೆಯಲ್ಲಿ ಮಾತು ಕೇಳುವುದಿಲ್ಲ, ಶಾಲೆಯಲ್ಲಾದರೂ ಹಾದಿಗೆ ಬರಲಿ ಅನ್ನುವ ಆಸೆ ಅವರದು. ಅವರೂ ಹುಣಸೆ ಬರಲಿನ ಏಟು ತಿಂದವರೇ. ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಅನ್ನುವುದನ್ನು ಕೇಳಿಕೊಂಡೇ ಬೆಳೆದವರು.

ನೀವು ಒಪ್ಪಿದರೂ ಕಾನೂನು ಒಪ್ಪುವುದಿಲ್ಲ ಅಂತ ನಾನು ಅವರಿಗೆ ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. ಅದರ 17ನೇ ಕಲಮು ಮಕ್ಕಳಿಗೆ ಹೊಡೆಯುವುದನ್ನು ಮಾತ್ರ ನಿಷೇಧಿಸಿಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಈ ಎರಡನೇ ಭಾಗದ ಬಗ್ಗೆ ಸ್ಟಾಫ್ ರೂಮಿನಲ್ಲಿ ಮಾತೇ ಬರುವುದಿಲ್ಲ. ಕೋಲು ಕಪಾಟಿಗೆ ಹೋಯಿತು, ‘ಎಮ್ಮಿ’, ‘ಕೋಣ’ ಅನ್ನುವ ಮಾತುಗಳು ಹೋಗಲಿಲ್ಲ. ಎಲ್ಲರ ಮುಂದೆ ಅಂಕ ಓದಿ ನಗಿಸುವುದೂ ಹೋಗಲಿಲ್ಲ.

"ಕೋಲು ಕಸಿದುಕೊಂಡರು, ಬದಲಿಗೆ ಏನೂ ಕೊಡಲಿಲ್ಲ" ಅನ್ನುವುದು ಸಹೋದ್ಯೋಗಿಗಳ ದೂರು. ಅದರಲ್ಲಿ ಸತ್ಯ ಇದೆ. ಐವತ್ತಕ್ಕೂ ಜಾಸ್ತಿ ಮಕ್ಕಳಿರುವ ಒಂಬತ್ತನೇ ತರಗತಿಗೆ ಊಟದ ನಂತರದ ಪೀರಿಯಡ್ಡಿಗೆ ಹೋಗಿ ನೋಡಿ, ಗೊತ್ತಾಗುತ್ತದೆ. ಆದರೆ ಬ್ಯಾಡಗಿ ಸುತ್ತಮುತ್ತಲಿನ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸುತ್ತಾ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದೇ. ಕ್ಲಾಸಿನಲ್ಲಿ ಅತಿ ಹೆಚ್ಚು ಗಲಾಟೆ ಮಾಡುವ ಮಕ್ಕಳಲ್ಲಿ ಬಹಳಷ್ಟು ಜನರಿಗೆ ಸರಾಗವಾಗಿ ಓದಲು ಬರುವುದಿಲ್ಲ. ಅದನ್ನು ಮುಚ್ಚಿಡಲು ಅವರು ಗಲಾಟೆ ಮಾಡುತ್ತಾರೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಸಾಲಾಗಿ ಒಬ್ಬೊಬ್ಬರಿಂದ ಪಾಠ ಓದಿಸುವ ಪದ್ಧತಿ ಇದೆಯಲ್ವಾ? ಅವನ ಸರದಿಗೆ ಇನ್ನು ಇಬ್ಬರು ಬಾಕಿ ಅನ್ನುವಾಗ ಏನಾದರೂ ಆಗುತ್ತಿತ್ತು. ಕಂಪಾಸ್ ಬಾಕ್ಸ್ ಬೀಳುತ್ತಿತ್ತು. ಮುಂದಿನವನ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಇಲ್ಲವೇ ಒಂದಕ್ಕೆ ಹೋಗಬೇಕು ಅಂತ ಕಿರುಬೆರಳು ಎತ್ತುತ್ತಿದ್ದ. ಬೈಸಿಕೊಂಡು ಹೊರಗೆ ನಿಂತರೆ ಅವನಿಗೆ ನಿರಾಳ. ಹೊರಗೆ ನಿಂತವನನ್ನು ಯಾರೂ ಓದು ಅನ್ನುವುದಿಲ್ಲ.

ಒಂದು ದಿನ ಅವನ ಪಕ್ಕದಲ್ಲೇ ಕೂತು ಪದ್ಯ ಓದಿಸಿದೆ. ಒಂದಕ್ಷರ ತಪ್ಪದೆ, ರಾಗವಾಗಿ ಹೇಳಿದ. ಬೆರಳು ಮಾತ್ರ ಎರಡು ಸಾಲು ಕೆಳಗೆ ಹೋಗುತ್ತಿತ್ತು. ಕೇಳಿಕೇಳಿಯೇ ಇಡೀ ಪದ್ಯ ಬಾಯಿಪಾಠ ಮಾಡಿದ್ದ. ಗದ್ಯ ಕೊಟ್ಟರೆ ಕಾಗುಣಿತದವರೆಗೆ ಹೇಗೋ ಬಂದ. ಒತ್ತಕ್ಷರ ಬಂದಲ್ಲಿ ನಿಂತ. ‘ಹಳ್ಳ’ ಅವನ ಬಾಯಲ್ಲಿ ‘ಹಳ’, ‘ಕಟ್ಟು’ ಹೋಗಿ ‘ಕಟು’. ಹೀಗಾದರೆ ವಾಕ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ಅರ್ಥವಾಗದ ಪುಸ್ತಕ ಹಿಡಿದು ದಿನಕ್ಕೆ ಆರೇಳು ಪೀರಿಯಡ್ ಕೂರಬೇಕು. ಸುಮ್ನೆ ಕೂರು ಅಂದರೆ ಹೇಗೆ ಕೂತಾನು?

ಒಂಬತ್ತನೇ ತರಗತಿವರೆಗೆ ಹೀಗೆ ಹೇಗೆ ಬಂದ ಅಂತ ಕೇಳಬಹುದು. ಎಂಟನೇ ತರಗತಿವರೆಗೆ ಯಾರನ್ನೂ ಹಿಂದೆ ಉಳಿಸುವಂತಿಲ್ಲ ಅಂತ ಮೂಲ ಕಾಯ್ದೆಯಲ್ಲಿತ್ತು. 2019ರ ತಿದ್ದುಪಡಿಯ ನಂತರ ಐದು ಮತ್ತು ಎಂಟನೇ ತರಗತಿಗಳ ಬಗ್ಗೆ ತೀರ್ಮಾನ ರಾಜ್ಯಗಳಿಗೆ ಬಿಟ್ಟದ್ದು. ಫೇಲ್ ಮಾಡದೇ ಇದ್ದದ್ದೇ ಇದಕ್ಕೆಲ್ಲ ಕಾರಣ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಫೇಲ್ ಮಾಡಿದ್ದರೆ ಇವನಿಗೆ ಒತ್ತಕ್ಷರ ಬರುತ್ತಿರಲಿಲ್ಲ. ಆರನೇ ತರಗತಿಗೇ ಶಾಲೆ ಬಿಟ್ಟು ಮೆಣಸಿನಕಾಯಿ ಚೀಲ ಹೊರುತ್ತಿದ್ದ ಅಷ್ಟೇ. ಯಾವ ವರ್ಷ ಅವನು ಎಡವಿದ, ಆಗ ಯಾರು ಪಕ್ಕದಲ್ಲಿ ಕೂತು ಓದಿಸಿದರು? ನಾವು ಕೇಳಬೇಕಾದದ್ದು ಇದನ್ನು.

ಮೆಣಸಿನಕಾಯಿ ಚೀಲದ ಮಾತು ಬಂತು, ಸುಗ್ಗಿಯ ವಿಷಯವನ್ನೂ ಹೇಳಬೇಕು. ನಮ್ಮಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿಯದ್ದೇ ಲೋಕ. ಬ್ಯಾಡಗಿ ಮಾರುಕಟ್ಟೆ ನಡೆಯುವ ಸೋಮವಾರ, ಗುರುವಾರ ಬಂತೆಂದರೆ ಹಾಜರಿ ಪುಸ್ತಕದಲ್ಲೇ ಗೊತ್ತಾಗುತ್ತದೆ. ತಾಯಂದಿರು ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ, ಹೆಣ್ಣುಮಕ್ಕಳೂ ಜೊತೆಗೆ ಕೂರುತ್ತಾರೆ. ಮರುದಿನ ಕ್ಲಾಸಿಗೆ ಬಂದರೆ ಬೆರಳ ತುದಿ ಇನ್ನೂ ಉರಿಯುತ್ತಿರುತ್ತದೆ. ಗೊತ್ತಿಲ್ಲದೆ ಕಣ್ಣು ಉಜ್ಜಿಕೊಂಡರೆ ಮುಗಿಯಿತು, ಪೀರಿಯಡ್ ಪೂರ್ತಿ ಕಣ್ಣೀರು. ಒಬ್ಬಳ ದುಪಟ್ಟಾದ ಘಾಟಿಗೆ ಇನ್ನೊಬ್ಬಳು ಸೀನುತ್ತಾಳೆ, ಹುಡುಗರೆಲ್ಲ ಗೊಳ್ಳೆನ್ನುತ್ತಾರೆ. ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದವಳನ್ನು ನಾನು ಎಬ್ಬಿಸುವುದಿಲ್ಲ. ಅದು ಅಶಿಸ್ತು ಅಂತ ಡೈರಿಯಲ್ಲಿ ಬರೆಯುವುದೂ ಇಲ್ಲ. ಅವಳ ತಾಯಿಯನ್ನು ಸಂಜೆ ಕಂಡು ಮಾತಾಡುತ್ತೇನೆ.

ಓದು ಬಾರದವರಿಗೆ ಏನು ಮಾಡುವುದು? ಒಂದನೇ ತರಗತಿಯ ಪುಸ್ತಕ ತಂದು ಮೀಸೆ ಚಿಗುರುತ್ತಿರುವ ಹುಡುಗನ ಕೈಗೆ ಕೊಡಬೇಡಿ. ಅದಕ್ಕಿಂತ ದೊಡ್ಡ ಅವಮಾನ ಅವನಿಗಿಲ್ಲ. ನಾನು ಬಸ್ಸಿನ ಬೋರ್ಡು ಹಿಡಿದುಕೊಂಡೆ. ಹಾವೇರಿ ಬಸ್ ನಿಲ್ದಾಣಕ್ಕೆ ಬರುವ ಬಸ್ಸುಗಳ ಹೆಸರು ನೋಡಿ: ಹುಬ್ಬಳ್ಳಿ, ಶಿಗ್ಗಾಂವಿ, ಗುತ್ತಲ, ಹಾನಗಲ್ಲ, ಅಕ್ಕಿಆಲೂರು, ರಟ್ಟೀಹಳ್ಳಿ, ರಾಣೆಬೆನ್ನೂರು. ಎಲ್ಲದರಲ್ಲೂ ಒತ್ತಕ್ಷರ! ಊರು ಅವನಿಗೆ ಗೊತ್ತು, ಬಾಯಲ್ಲಿ ಉಚ್ಚಾರ ಇದೆ, ಕಣ್ಣಿಗೆ ಅಕ್ಷರದ ಗುರುತು ಸಿಗಬೇಕು ಅಷ್ಟೇ. ಲಕ್ಷ್ಮೇಶ್ವರವನ್ನು ಕೊನೆಗೆ ಇಟ್ಟುಕೊಂಡೆ. ಒಂದರ ಕೆಳಗೊಂದು ಇರುವ ಆ ಒತ್ತುಗಳನ್ನು ಬಿಡಿಸಿ ಓದಿದ ದಿನ ಅವನು ತಾನಾಗಿಯೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ. ಸ್ವಲ್ಪ ಸೊಟ್ಟಗಿತ್ತು, ತಪ್ಪಿರಲಿಲ್ಲ.

ಬಾಯಿಪಾಠದ ಶಕ್ತಿಯೂ ಉಪಯೋಗಕ್ಕೆ ಬಂತು. ಶಿಶುವಿನಹಾಳ ನಮ್ಮ ಜಿಲ್ಲೆಯದೇ, ಶರೀಫರ ತತ್ವಪದ ಭಜನೆಯಲ್ಲಿ ಕೇಳದ ಮಕ್ಕಳಿಲ್ಲ. ಬಾಯಿಗೆ ಬರುವ ತತ್ವಪದವನ್ನು ಚೀಟಿಗಳಲ್ಲಿ ಸಾಲುಸಾಲಾಗಿ ಬರೆದು ಕಲಸಿ ಕೊಡುವುದು, ಸರಿಯಾಗಿ ಜೋಡಿಸು ಅನ್ನುವುದು. ಹಾಡುತ್ತಾ ಹುಡುಕುತ್ತಾರೆ. ಹುಡುಕುತ್ತಾ ಓದುತ್ತಾರೆ. ಆಗಲೂ ಕ್ಲಾಸಿನಲ್ಲಿ ಸದ್ದು ಇರುತ್ತದೆ. ಹೆಡ್‌ಮಾಸ್ಟರು ಕಿಟಕಿಯಲ್ಲಿ ಇಣುಕಿದರೆ ಗಲಾಟೆ ಅಂತಲೇ ಅನ್ನಿಸಬಹುದು. ನನಗೆ ಆ ಸದ್ದು ಬೇಕು.

ಸಾಲಾಗಿ ಓದಿಸುವುದನ್ನು ಪೂರ್ತಿ ಬಿಟ್ಟಿದ್ದೇನೆ. ಇಬ್ಬಿಬ್ಬರು ಜೋಡಿಯಾಗಿ ಓದುತ್ತಾರೆ, ನಾನು ಒಂದೊಂದು ಬೆಂಚಿಗೆ ಹೋಗಿ ಕೇಳುತ್ತೇನೆ. ಇದರಿಂದ ಎಲ್ಲರೂ ಸಾಧುಗಳಾದರು ಅಂತ ನಾನು ಹೇಳುವುದಿಲ್ಲ. ಶಿಳ್ಳೆ ಹೊಡೆಯುವವರು ಹೊಡೆಯುತ್ತಾರೆ. ಚೆನ್ನಾಗಿ ಓದುವ ಹುಡುಗರಲ್ಲೂ ಉಡಾಳರಿದ್ದಾರೆ. ಅವರನ್ನು ಹತ್ತಿರ ಕರೆದು, ಬೇರೆಯವರಿಗೆ ಕೇಳದಂತೆ ಎರಡು ಮಾತು ಹೇಳಿದರೆ ಎಷ್ಟೋ ಸಲ ಸಾಕಾಗುತ್ತದೆ. ಕಸ ಗುಡಿಸುವುದನ್ನು ಶಿಕ್ಷೆಯಾಗಿ ಕೊಡುವುದು ನನಗೆ ಒಂಚೂರೂ ಹಿಡಿಸುವುದಿಲ್ಲ. ಆ ಕ್ಲಾಸಿನಲ್ಲೇ ಯಾರದೋ ತಾಯಿ ಬೆಳಿಗ್ಗೆ ಎದ್ದು ಅದೇ ಕೆಲಸಕ್ಕೆ ಹೋಗಿರುತ್ತಾಳೆ. ನಮ್ಮಲ್ಲಿ ಕಸ ಎಲ್ಲರ ಪಾಳಿ, ನನ್ನದೂ ಸೇರಿ.

ವರ್ಷದ ಶುರುವಿನಲ್ಲಿ, ಹಿಂದಿನ ತರಗತಿಯದ್ದು ಎಷ್ಟು ಬರುತ್ತದೆ ಅಂತ ನೋಡುವ ಸೇತುಬಂಧ ಪರೀಕ್ಷೆ ನಡೆಸುತ್ತೇವೆ. ಬರೆಯುವ ಪರೀಕ್ಷೆಯಲ್ಲಿ ಓದು ಬಾರದವನು ಪಕ್ಕದವನನ್ನು ನೋಡಿ ಬರೆದು ದಾಟಿಬಿಡುತ್ತಾನೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅರ್ಧ ಪುಟ ಓದಿಸಿ ಕೇಳೋಣ ಅಂತ ನಮ್ಮ ಶಿಕ್ಷಕರ ಸಭೆಯಲ್ಲಿ ಹೇಳಿದ್ದೇನೆ. ಗಣಿತದ ಸರ್ ತಕ್ಷಣ ಒಪ್ಪಿದರು. ಬಾಯಿಲೆಕ್ಕದಲ್ಲಿ ಚುರುಕಾಗಿರುವ ಹುಡುಗರು ವಾಕ್ಯದಲ್ಲಿ ಕೊಟ್ಟ ಲೆಕ್ಕಕ್ಕೆ ಯಾಕೆ ಖಾಲಿ ಹಾಳೆ ಕೊಡುತ್ತಾರೆ ಅನ್ನುವುದು ಅವರಿಗೆ ಬಹಳ ದಿನಗಳ ಪ್ರಶ್ನೆಯಾಗಿತ್ತಂತೆ. ವಿಜ್ಞಾನದ ಮೇಡಂ ಇನ್ನೂ ಒಪ್ಪಿಲ್ಲ. ಪಾಠ ಮುಗಿಯುವುದಿಲ್ಲ, ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಉತ್ತರ ಕೊಡುವವರು ಯಾರು ಅನ್ನುತ್ತಾರೆ. ಅವರ ಆತಂಕವೂ ನ್ಯಾಯವೇ. ಅದಕ್ಕೇ ಅವರ ಪಾಲಿನ ಮಕ್ಕಳನ್ನೂ ಮೊದಲ ವಾರ ನಾನೇ ಓದಿಸಿ, ಯಾರು ಎಲ್ಲಿ ನಿಲ್ಲುತ್ತಾರೆ ಅಂತ ಪಟ್ಟಿ ಮಾಡಿಕೊಡುವುದಾಗಿ ಹೇಳಿದ್ದೇನೆ.