ಹೆಡ್‌ಲೈಟಿನ ಪೊರೆ

ಹಳೇ ಕಾರಿನ ಬೆಳಕು ಕಡಿಮೆ ಆದರೆ ಎಲ್ಲರೂ ಮೊದಲು ಬಲ್ಬನ್ನೇ ಬೈಯುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೊರಡೋದಿತ್ತು. ನನ್ನ ಆಫೀಸು ಮುಗಿಸಿಕೊಂಡು ಹೊರಟರೆ ಖಂಬಾಟಕಿ ಘಾಟ್ ಹತ್ತುವ ಹೊತ್ತಿಗೆ ಪೂರ್ತಿ ಕತ್ತಲು. ಸಾತಾರಾ ದಾಟಿದ ಮೇಲೆ ಕಬ್ಬಿನ ಸೀಮೆ. ಸೀಸನ್ ಶುರುವಾದರೆ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರೇಲರ್‌ಗಳು ಹೈವೇಯಲ್ಲಿ ನಿಧಾನವಾಗಿ ಹೋಗುತ್ತಿರುತ್ತವೆ. ಆ ದಾರಿಯಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಆ ಭಯ ಗೊತ್ತು.

'100 ವಾಟಿನ ಬಲ್ಬ್ ಹಾಕಿಸಿಬಿಡೋಣ' ಅಂದರು ನಮ್ಮ ಮನೆಯವರು. ಪುಣೆಯ ಧನಕವಡಿಯಲ್ಲಿ ನಮಗೆ ಪರಿಚಯದ ಒಬ್ಬ ಪೇಂಟರ್ ಕಾಕಾ ಇದ್ದಾರೆ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಎಷ್ಟೋ ವರ್ಷದಿಂದ ಇಲ್ಲೇ ಡೆಂಟಿಂಗ್-ಪೇಂಟಿಂಗ್ ಕೆಲಸ. ಅವರು ಬಲ್ಬನ್ನು ನೋಡಲೇ ಇಲ್ಲ. ಹೆಡ್‌ಲೈಟಿನ ಮೇಲೆ ಬೆರಳಾಡಿಸಿ ಹೇಳಿದರು: "ಬಲ್ಬ್ ಛಲೋ ಐತಿ ತಂಗಿ. ಕಣ್ಣಿಗೆ ಪೊರಿ ಬಂದೈತಿ. ಪೊರಿ ತಗೀರಿ ಮೊದಲ."

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಗುಂಡು ದೀಪಗಳಿಗೆ ಗಾಜು ಇರುತ್ತಿತ್ತು. ಅದಕ್ಕೆ ಈ ರೋಗವೇ ಇರಲಿಲ್ಲ. ಈಗಿನ ಕಾರುಗಳ ದೀಪದ ಮುಖ ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಹಗುರ, ಕಲ್ಲು ಸಿಡಿದರೂ ಸುಲಭಕ್ಕೆ ಒಡೆಯೋದಿಲ್ಲ, ಬೇಕಾದ ಆಕಾರಕ್ಕೆ ಬಗ್ಗುತ್ತದೆ. ಆದರೆ ಬಿಸಿಲಿನ ಅಲ್ಟ್ರಾವೈಲೆಟ್ ಕಿರಣ ತಾಗಿದರೆ ಹಳದಿಯಾಗುತ್ತದೆ. ಅದಕ್ಕೇ ಫ್ಯಾಕ್ಟರಿಯಲ್ಲೇ ಮೇಲೊಂದು ತೆಳ್ಳನೆಯ ಗಟ್ಟಿ ಲೇಪ ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಬಿಸಿಲು, ಧೂಳು ತಿಂದು ಆ ಲೇಪ ಸವೆಯುತ್ತದೆ, ಸಣ್ಣಗೆ ಬಿರುಕು ಬಿಡುತ್ತದೆ. ಆಮೇಲೆ ಅಡಿಯ ಪ್ಲಾಸ್ಟಿಕ್ಕಿಗೆ ಕಾವಲೇ ಇಲ್ಲ.

ಅಮೆರಿಕದ ಎಎಎ ಅನ್ನುವ ವಾಹನ ಸಂಘಟನೆ 2018ರಲ್ಲಿ ಇದನ್ನು ಅಳೆದು ನೋಡಿತ್ತು. ಮಬ್ಬಾಗಿ ಹಳದಿಯಾದ ದೀಪದಿಂದ ಹೊಸ ದೀಪದ ಶೇ. 20ರಷ್ಟು ಬೆಳಕು ಮಾತ್ರ ಬರುತ್ತದಂತೆ. ಉಜ್ಜಿ ಪಾಲಿಶ್ ಮಾಡಿದರೆ ಸುಮಾರು ಶೇ. 70ಕ್ಕೆ ಏರುತ್ತದೆ. ಇದನ್ನು ಓದಿದ ಮೇಲೆ ನನಗೆ ಇನ್ನೊಂದು ವಿಷಯವೂ ಹೊಳೆಯಿತು. ಉಳಿದ ಬೆಳಕು ಎಲ್ಲಿ ಹೋಗುತ್ತದೆ? ಒಂದಷ್ಟು ಒಳಗೇ ಉಳಿಯುತ್ತದೆ. ಒಂದಷ್ಟು ದಿಕ್ಕು ತಪ್ಪಿ ಚದುರಿ ಎದುರಿನವರ ಕಣ್ಣಿಗೆ ಬೀಳುತ್ತದೆ. ನಮಗೆ ರಸ್ತೆ ಸರಿಯಾಗಿ ಕಾಣದಿದ್ದರೂ ಎದುರಿನವರು ಯಾಕೆ ಡಿಪ್ಪರ್ ಹೊಡೆಯುತ್ತಿದ್ದರು ಅಂತ ಆಗ ಅರ್ಥವಾಯಿತು. ಇಂಥ ದೀಪದೊಳಗೆ 100 ವಾಟ್ ಹಾಕಿದರೆ ಅವರ ಕಷ್ಟ ಜಾಸ್ತಿ ಅಷ್ಟೇ. 60/55 ವಾಟಿಗೆ (ಹೈ ಬೀಮ್‌ಗೆ 60, ಲೋ ಬೀಮ್‌ಗೆ 55) ಮಾಡಿದ ವೈರು, ಹೋಲ್ಡರ್ ಬಿಸಿಯಾಗಿ ಸುಡೋದು ಬೇರೆ.

ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವಾಟರ್ ಪೇಪರ್ (ನೀರಲ್ಲಿ ನೆನೆಸಿ ಉಜ್ಜುವ ಮರಳು ಕಾಗದ), ಮಾಸ್ಕಿಂಗ್ ಟೇಪ್, ಹೊಳಪು ಕೊಡುವ ರಬ್ಬಿಂಗ್ ಕಾಂಪೌಂಡ್ ಎಲ್ಲಾ ಒಂದೇ ಓಣಿಯಲ್ಲಿ ಸಿಕ್ಕವು. ಭಾನುವಾರ ಬೆಳಿಗ್ಗೆ ಸೊಸೈಟಿಯ ಪಾರ್ಕಿಂಗಿನಲ್ಲಿ ನೆರಳು ನೋಡಿ ಕೂತೆವು, ನಾನು ಮತ್ತು ಮಗ. ಬಿಸಿಲಲ್ಲಿ ಮಾಡಿದರೆ ನೀರು ಬೇಗ ಆರಿ ಪೇಪರ್ ಕಚ್ಚುತ್ತದೆ. ದೀಪದ ಸುತ್ತ ಬಾನೆಟ್, ಬಂಪರಿಗೆ ಎರಡು ಪದರ ಟೇಪ್ ಸುತ್ತಿದೆವು. ಬಕೆಟ್ ನೀರಿಗೆ ನಾಲ್ಕು ಹನಿ ಶಾಂಪೂ. ಪೇಪರನ್ನು ಅದರಲ್ಲೇ ನೆನೆಹಾಕಿ, ಸ್ಪಂಜಿನ ತುಂಡಿಗೆ ಸುತ್ತಿ ಉಜ್ಜಬೇಕು. ಬರೀ ಬೆರಳಲ್ಲಿ ಒತ್ತಿದರೆ ಬೆರಳು ಬಿದ್ದ ಕಡೆ ತಗ್ಗು ಬೀಳುತ್ತದೆ.

ಮೊದಲು 800 ನಂಬರಿನ ಪೇಪರ್; ನಂಬರ್ ಜಾಸ್ತಿಯಾದಷ್ಟೂ ಪೇಪರ್ ನಯ. ನೊರೆ ಹಳದಿ ಬಣ್ಣಕ್ಕೆ ಇಳಿಯತೊಡಗಿತು. ದೀಪ ಮೊದಲಿಗಿಂತ ಮಬ್ಬಾಯಿತು. ಮಗ ಗಾಬರಿಯಾದ. ಅಷ್ಟರಲ್ಲಿ ಕಾಕಾ ನೋಡಲು ಬಂದರು. ಒಂದು ಮಗ್ ನೀರು ಹುಯ್ದರು. ನೀರು ಇಳಿಯುವಷ್ಟು ಹೊತ್ತು ದೀಪ ಥಳಥಳ, ಆರಿದ ಕೂಡಲೇ ಮತ್ತೆ ಬೆಳ್ಳಗೆ. ಗೀರುಗಳ ಸಂದಿಯಲ್ಲಿ ನೀರು ತುಂಬಿದಾಗ ಮೇಲ್ಮೈ ಸಪಾಟಾಗಿ ಬೆಳಕು ನೇರ ಹೋಗುತ್ತದೆ. ಹಾಗಾದರೆ ನಾವು ಮಾಡಬೇಕಾದ್ದು ಇಷ್ಟೇ. ಆ ಗೀರುಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣದು ಮಾಡಬೇಕು. ಈ ಒಂದು ಮಗ್ ನೀರಿನಿಂದ ಮಗನಿಗೆ ಇಡೀ ಕೆಲಸ ಅರ್ಥವಾಯಿತು.

ನೀರು ಹುಯ್ದಾಗ ಇನ್ನೊಂದೂ ಕಂಡಿತು. ಮೂಲೆಯಲ್ಲಿ ಹಳೇ ಲೇಪದ ತೇಪೆ ಇನ್ನೂ ಹಾಗೇ ಇತ್ತು. "ಅವಸರ ಮಾಡಬ್ಯಾಡ ತಂಗಿ" ಅಂದರು ಕಾಕಾ. "ಎಲ್ಲಾ ಮೊದಲನೇ ಪೇಪರ್‌ನ್ಯಾಗ ಐತಿ. ಹಳದಿ ನೀರು ಬರೂದು ನಿಂತು ಬಿಳಿ ನೀರು ಬರೂತನಕ ಮುಂದ ಹೋಗೂದಿಲ್ಲ." ಈ ಮಾತು ನಿಜ. ಅರ್ಧಕ್ಕಿಂತ ಹೆಚ್ಚು ಹೊತ್ತು 800ರಲ್ಲೇ ಹೋಯಿತು. ಆಮೇಲೆ 1200, 2000, 3000 ಸರಸರ ನಡೆದವು. ಪ್ರತಿ ಸಲ ದಿಕ್ಕು ಬದಲಿಸಬೇಕು. 800ರಲ್ಲಿ ಅಡ್ಡಕ್ಕೆ ಉಜ್ಜಿದರೆ 1200ರಲ್ಲಿ ಉದ್ದಕ್ಕೆ. ಅಡ್ಡಗೀರು ಒಂದೂ ಕಾಣದಾದಾಗ ಮುಂದಿನ ಪೇಪರ್. ಪೇಪರ್ ಬದಲಿಸುವಾಗ ನೀರನ್ನೂ ಬದಲಿಸಬೇಕು. ಹಳೇ ನೀರಿನ ಒಂದು ದಪ್ಪ ಕಣ ಸಾಕು, ಮತ್ತೆ ಗೀರು. ಕೊನೆಗೆ ಕಾಂಪೌಂಡ್ ಹಚ್ಚಿ, ಮೆತ್ತನೆಯ ಬಟ್ಟೆಯಲ್ಲಿ ತೋಳು ನೋಯುವ ತನಕ ತಿಕ್ಕಿದೆವು. ಒಳಗಿನ ಬಲ್ಬ್, ರಿಫ್ಲೆಕ್ಟರ್ ಎಲ್ಲಾ ಸ್ಪಷ್ಟವಾಗಿ ಕಂಡಾಗ ನನಗಾದ ಖುಷಿ ಸಣ್ಣದಲ್ಲ.

ಪಾರ್ಕಿಂಗಿನಲ್ಲಿ ಕೂತರೆ ಸಲಹೆಗಳಿಗೆ ಬರವಿಲ್ಲ. ಟೂತ್‌ಪೇಸ್ಟ್ ಹಚ್ಚಿ ಅಂದರು ಒಬ್ಬರು. ಅದರಲ್ಲಿರೋದೂ ನಯವಾದ ಪುಡಿಯೇ, ಸ್ವಲ್ಪ ಹೊಳಪು ಬರುತ್ತದೆ, ಆದರೆ ಬಿರುಕು ಬಿಟ್ಟ ಲೇಪ ಹೋಗೋದಿಲ್ಲ. ಸೊಳ್ಳೆ ಕಚ್ಚದಿರಲಿ ಅಂತ ಮೈಗೆ ಹಚ್ಚುವ, ಡೀಟ್ ಅನ್ನುವ ರಾಸಾಯನಿಕ ಇರುವ ಎಣ್ಣೆ ಒರೆಸಿ ಅನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಡೀಟ್ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸುತ್ತದೆ. ಆ ಕ್ಷಣಕ್ಕೆ ಚೆಂದ ಕಾಣುತ್ತದೆ, ಆಮೇಲೆ ಮೊದಲಿಗಿಂತ ಹಾಳು. ಥಿನ್ನರ್ ಕೂಡ ಅಷ್ಟೇ.

ಹೊಳಪು ಬಂತು ಅಂತ ಇಲ್ಲಿಗೇ ಬಿಟ್ಟರೆ ಪಟ್ಟ ಶ್ರಮ ದಂಡ. ಈಗ ಪ್ಲಾಸ್ಟಿಕ್ಕಿನ ಮೇಲೆ ಯಾವ ಲೇಪವೂ ಇಲ್ಲ. ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ. ಹಾರ್ಡನರ್ ಸೇರಿಸಿದ ಕ್ಲಿಯರ್ ಲ್ಯಾಕರ್ ಸ್ಪ್ರೇ ಮಾಡಿದರೆ ಜಾಸ್ತಿ ಬಾಳುತ್ತದೆ. ಆದರೆ ಅದಕ್ಕೆ 2000ರ ಹಂತದಲ್ಲೇ ನಿಲ್ಲಿಸಬೇಕು, ಪೂರ್ತಿ ನುಣುಪಾದರೆ ಲ್ಯಾಕರ್ ಹಿಡಿಯೋದಿಲ್ಲ. ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಸರಿಯಾದ ಮಾಸ್ಕ್ ಇಲ್ಲದೆ ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಮಗ ಜೊತೆಗಿದ್ದ ಅಂತ ನಾನು ಬಟ್ಟೆಯಲ್ಲಿ ಹಚ್ಚುವ, ಅಲ್ಟ್ರಾವೈಲೆಟ್ ತಡೆಯುವ ಯುವಿ ಸೀಲಂಟ್ ಆರಿಸಿಕೊಂಡೆ. ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಎಣ್ಣೆ ಜಿಡ್ಡು ತೆಗೆದು, ತೆಳ್ಳಗೆ ಹಚ್ಚಿ, ರಾತ್ರಿಯಿಡೀ ಮುಟ್ಟದೆ ಬಿಟ್ಟೆವು.

ಬಲಗಡೆ ದೀಪದ ಮೇಲ್ತುದಿಯಲ್ಲಿ ಒಂದು ಮಂಜು ಉಳಿದಿದೆ. ಅದು ಒಳಗಡೆಯದು, ಹೊರಗೆ ಎಷ್ಟು ಉಜ್ಜಿದರೂ ಹೋಗೋದಿಲ್ಲ.

ಹೊರಡುವ ಹಿಂದಿನ ರಾತ್ರಿ ಡಿಕ್ಕಿ ತುಂಬಿದ ಮೇಲೆ ಗೋಡೆಗೆ ಬೆಳಕು ಬಿಟ್ಟು ನೋಡಿದೆವು. ಹಿಂದೆ ಭಾರ ಬಿದ್ದರೆ ಮುಂದಿನ ಬೆಳಕು ಮೇಲೇಳುತ್ತದೆ. ಡ್ಯಾಶ್‌ಬೋರ್ಡಿನ ಗುಂಡಿ ತಿರುಗಿಸಿ ಇಳಿಸಿಕೊಂಡೆವು. ಖಂಬಾಟಕಿಯ ತಿರುವುಗಳಲ್ಲಿ ರಸ್ತೆಯಂಚಿನ ಬಿಳಿ ಗೆರೆ ದೂರದ ತನಕ ಕಾಣುತ್ತಿತ್ತು. ಕರಾಡ್ ದಾಟಿದ ಮೇಲೆ ದೀಪವಿಲ್ಲದ ಕಬ್ಬಿನ ಟ್ರೇಲರ್ ಒಂದು ಸಿಕ್ಕಿತು. ಬೇಗ ಕಂಡಿದ್ದರಿಂದ ವೇಗ ಇಳಿಸಿ, ಲೇನ್ ಬದಲಿಸಿ, ಆರಾಮಾಗಿ ಮುಂದೆ ಹೋದೆವು. ಎದುರಿನವರು ಯಾರೂ ಡಿಪ್ಪರ್ ಹೊಡೆಯಲಿಲ್ಲ. ಸೀಲಂಟ್ ಇನ್ನೂ ಮುಕ್ಕಾಲು ಬಾಟಲಿ ಇದೆ. ಸಂಕ್ರಾಂತಿಗೆ ಮತ್ತೊಂದು ಕೈ ಹಚ್ಚಬೇಕು.